ಮ್ಯಾಕಿನೊಳಗೆ ಮಲಗಿದ್ದ ಸಂಜೆ

"ತೆರೀಬೇಡ," ತಂಗಿ ತನಗೆ ತಾನೇ ಹೇಳಿಕೊಂಡಳು. "ಮೊದಲು ನಕಲು. ಅಳೋದು ಆಮೇಲೆ."

ಅಕ್ಕನ ಮ್ಯಾಕ್ ಲ್ಯಾಪ್‌ಟಾಪ್ ತಂಗಿಯ ರಿಪೇರಿ ಮೇಜಿನ ಮೇಲಿತ್ತು. ನಿನ್ನೆ ಭಾವನ ಕನ್ನಡಕದಂಗಡಿಯ ಉಗ್ರಾಣದಲ್ಲಿ, ಖಾಲಿ ಫ್ರೇಮಿನ ಡಬ್ಬಿಗಳ ಹಿಂದೆ, ಹಳೆಯ ಟವೆಲಿನಲ್ಲಿ ಸುತ್ತಿಟ್ಟಿದ್ದ ಅದು ಕಣ್ಣಿಗೆ ಬಿದ್ದಾಗ ಅವಳು ಯಾರನ್ನೂ ಕೇಳದೆ ಎತ್ತಿಕೊಂಡು ಬಂದಿದ್ದಳು. "ಕೆಟ್ಟುಹೋಗಿತ್ತು, ಎಸೆದೆ" ಎಂದು ಭಾವ ವಿಚಾರಣೆಯವರಿಗೆ ಬರೆದುಕೊಟ್ಟಿದ್ದ ಯಂತ್ರ ಅದು. ಚಾರ್ಜಿಗೆ ಹಾಕಿ ಹತ್ತು ನಿಮಿಷವಾಗುವುದರೊಳಗೆ ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು.

ಕೆಳಗಿನ ಲಾಂಡ್ರಿಯ ಆವಿ ನೆಲದ ಹಲಗೆಗಳ ಸಂದಿನಿಂದ ಮೇಲೆ ಬರುತ್ತಿತ್ತು. ಕಿಟಕಿಯ ಗಾಜು ಬೆವರಿತ್ತು. ಮಧ್ಯಾಹ್ನ ಮೂರು ಗಂಟೆ.

ನಾಳೆ ಬೆಳಿಗ್ಗೆ ಹತ್ತಕ್ಕೆ ವಿಚಾರಣಾಧಿಕಾರಿ ವರದಿಗೆ ಸಹಿ ಹಾಕುತ್ತಾರೆ. ವರದಿಯಲ್ಲಿ ಏನಿದೆಯೆಂದು ಊರಿಗೆಲ್ಲ ಗೊತ್ತು. ಮೂರು ವಾರದ ಹಿಂದೆ ಗ್ರಂಥಾಲಯದ ಕಬ್ಬಿಣದ ಮೆಟ್ಟಿಲು ಕುಸಿದದ್ದು, ಪುಸ್ತಕ ಜೋಡಿಸುತ್ತಿದ್ದ ಮನುಷ್ಯ ಅದರಡಿ ಸತ್ತದ್ದು, ಎರಡೂ ಆ ಮೆಟ್ಟಿಲಿನ ನಕ್ಷೆ ಬರೆದವಳ ತಪ್ಪಿನಿಂದ. ಬರೆದವಳು ಅಕ್ಕ. ಅವಳು ಹೋಗಿ ಏಳು ತಿಂಗಳಾಗಿದೆ. ಎದ್ದು ಬಂದು ಇಲ್ಲವೆನ್ನಲು ಅವಳಿಂದಾಗದು.

ಸತ್ತವನ ಹೆಂಡತಿ ಮೂರು ವಾರದಿಂದ ದಿನಾ ಬೆಳಿಗ್ಗೆ ಬಂದು ಅಕ್ಕನ ಮನೆಯೆದುರು ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದಳು. ಬೈಯುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ತಂಗಿಗೆ ಅನ್ನಿಸುತ್ತಿತ್ತು.

ನಕಲು ಮುಗಿಯಲು ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವಳು ಕೈಕಟ್ಟಿ ಕೂತಿದ್ದಳು. ಗಿರಾಕಿಗಳ ಯಂತ್ರಗಳಾದರೆ ಈ ಹೊತ್ತಿನಲ್ಲಿ ಚಹಾ ಕುಡಿಯುತ್ತಿದ್ದಳು.

ಅಕ್ಕನ ಮೆಟ್ಟಿಲುಗಳೆಲ್ಲ ಹುಟ್ಟುತ್ತಿದ್ದದ್ದು ಒಂದು ಹಳೆಯ ಡಿಸೈನ್ ಸಾಫ್ಟ್‌ವೇರಿನಲ್ಲಿ. ಅದು ವಿಂಡೋಸ್ ಬಿಟ್ಟರೆ ಬೇರೆಲ್ಲೂ ಓಡದು. ಅಕ್ಕನಿಗೋ ಮ್ಯಾಕ್ ಬಿಟ್ಟರೆ ಬೇರೆ ಬೇಡ. ಕೊನೆಗೆ ತಂಗಿಯೇ ಆ ಮ್ಯಾಕಿನ ಹೊಟ್ಟೆಯೊಳಗೆ ಒಂದು ವರ್ಚುವಲ್ ಮಷೀನ್ ಮಾಡಿಕೊಟ್ಟಿದ್ದಳು. ಇಲ್ಲದ ಒಂದು ಕಂಪ್ಯೂಟರನ್ನು ಇದೆಯೆಂದು ನಂಬಿಸಿ ಅದರಲ್ಲಿ ವಿಂಡೋಸನ್ನು ಕೂರಿಸುವ ಕೆಲಸ. ಮ್ಯಾಕಿನ ಪಾಲಿಗೆ ಆ ಇಡೀ ಕಂಪ್ಯೂಟರ್ ಒಂದು ದೊಡ್ಡ ಫೈಲು, ಅಷ್ಟೆ.

"ಮನೆಯಳಿಯ ಇದ್ದ ಹಾಗೆ," ಎಂದು ಅಕ್ಕ ನಕ್ಕಿದ್ದಳು. "ಮನೆ ನಮ್ಮದು, ಬಿಗುಮಾನ ಅವನದು."

ಆ ಮನೆಯಳಿಯನಿಗೆ ಒಂದು ಕಾಯಿಲೆಯಿತ್ತು. ಮ್ಯಾಕ್ ತನ್ನ ಗಡಿಯಾರಕ್ಕೆ ಸರಿಯಾಗಿ ಒಳಗಿನ ಗಡಿಯಾರವನ್ನು ಆಗಾಗ ಎಳೆದು ನಿಲ್ಲಿಸುತ್ತಿತ್ತು. ಎಳೆದಾಗಲೆಲ್ಲ ಸಾಫ್ಟ್‌ವೇರ್ ಗೆರೆ ಎಳೆಯುವ ನಡುವೆಯೇ ಗಕ್ಕನೆ ನಿಂತುಬಿಡುತ್ತಿತ್ತು. ಬೇಸತ್ತು ತಂಗಿ ಎರಡೂ ಗಡಿಯಾರಗಳ ನಡುವಿನ ಸಂಬಂಧವನ್ನೇ ಕಡಿದಿದ್ದಳು. ಅಂದಿನಿಂದ ವಿಂಡೋಸ್ ಮಲಗಿದರೆ ಅದರ ಗಡಿಯಾರವೂ ಮಲಗುತ್ತಿತ್ತು. ಎದ್ದಾಗ, ಮಲಗಿದ ನಿಮಿಷದಿಂದಲೇ ಮುಂದಕ್ಕೆ ನಡೆಯುತ್ತಿತ್ತು.

ಅಕ್ಕ ವಿಂಡೋಸನ್ನು ಎಂದೂ ಪೂರಾ ಮುಚ್ಚುತ್ತಿರಲಿಲ್ಲ. ಸಂಜೆ ಹಾಗೇ ಮಲಗಿಸುವುದು, ಬೆಳಿಗ್ಗೆ ಎಬ್ಬಿಸಿ ಕೈಯಾರೆ ಗಡಿಯಾರ ತಿದ್ದುವುದು, ಆಮೇಲೆ ಮೊದಲ ಗೆರೆ. ಮುಖ ತೊಳೆದಷ್ಟೇ ಸಹಜವಾಗಿ ಮಾಡುತ್ತಿದ್ದಳು. ಆ ಪದ್ಧತಿ ಗೊತ್ತಿದ್ದದ್ದು ಇಬ್ಬರಿಗೆ. ಅವರಲ್ಲಿ ಒಬ್ಬಳು ಈಗ ಇಲ್ಲ.

ವಿಂಡೋಸ್ ಮಲಗಿದ್ದು ಎದ್ದದ್ದನ್ನು ಮ್ಯಾಕ್ ತನ್ನ ಗಡಿಯಾರದ ಪ್ರಕಾರ ಬರೆದಿಟ್ಟುಕೊಂಡ ದಾಖಲೆಯನ್ನು ತಂಗಿ ತೆರೆದಳು. ಕೊನೆಯ ಮೂರು ಸಾಲುಗಳು ಹೀಗಿದ್ದವು.

ಹನ್ನೊಂದನೇ ತಾರೀಕು, ಸಂಜೆ 5:38. ಮಲಗಿತು.

ಹತ್ತೊಂಬತ್ತನೇ ತಾರೀಕು, ಸಂಜೆ 4:12. ಎದ್ದಿತು.

ಹತ್ತೊಂಬತ್ತನೇ ತಾರೀಕು, ಸಂಜೆ 4:24. ಮಲಗಿತು.

ಅವಳು ಮೂರನ್ನೂ ಎರಡು ಸಲ ಓದಿದಳು. ಆಮೇಲೆ ಬೆರಳಿಟ್ಟು ಇನ್ನೊಂದು ಸಲ.

ಅಕ್ಕ ಆಸ್ಪತ್ರೆ ಸೇರಿದ್ದು ಹನ್ನೆರಡರ ಬೆಳಿಗ್ಗೆ. ಮನೆಗೆ ಬಂದದ್ದು ಇಪ್ಪತ್ತಾರಕ್ಕೆ, ಬಿಳಿ ಬಟ್ಟೆಯಲ್ಲಿ. ನಡುವೆ ಒಂದು ದಿನವೂ ಬರಲಿಲ್ಲ.

ಡ್ರಾಯರಿನಿಂದ ಆ ಹಾಳೆಯನ್ನು ತೆಗೆದು ಹರವಿದಳು. ವೆಲ್ಡಿಂಗ್ ಶಾಪಿನವರು ನೋಡಿ ಕಬ್ಬಿಣ ಕತ್ತರಿಸಿದ ನಕ್ಷೆಯ ಪ್ರತಿ. ವಿಚಾರಣೆಯೆಲ್ಲ ನಿಂತಿದ್ದದ್ದು ಇದರ ಮೇಲೆ. ಮೆಟ್ಟಿಲನ್ನು ಗೋಡೆಗೆ ಹಿಡಿದಿಡುವ ಪ್ಲೇಟಿನ ದಪ್ಪ ಹನ್ನೆರಡು ಮಿಲಿಮೀಟರ್ ಇರಬೇಕಾದ ಕಡೆ ಆರು. ಬಲಮೂಲೆಯಲ್ಲಿ ಸಾಫ್ಟ್‌ವೇರ್ ತಾನಾಗಿ ಅಚ್ಚೊತ್ತಿದ ತಾರೀಕು ಮತ್ತು ಗಂಟೆ: ಹನ್ನೊಂದು, ಸಂಜೆ 5:41. ಆ ಸಂಜೆ ಅಕ್ಕ ಮನೆಯಲ್ಲಿದ್ದಳು, ಮೇಜಿನ ಮುಂದಿದ್ದಳು, ಆದ್ದರಿಂದ ಕೈ ಅವಳದೇ. ವಿಚಾರಣೆಯವರ ವಾದ ಇಷ್ಟೇ.

ಆದರೆ 5:38ಕ್ಕೇ ವಿಂಡೋಸ್ ಮಲಗಿತ್ತಲ್ಲ.

5:41 ಎಂಬ ನಿಮಿಷ ಆ ಸಂಜೆ ಅದರೊಳಗೆ ಹುಟ್ಟಿರಲೇ ಇಲ್ಲ. ಅದು ಹುಟ್ಟಿದ್ದು ಎಂಟು ದಿನ ಕಳೆದು, ಯಾರೋ ಎಬ್ಬಿಸಿದ ಮೂರನೇ ನಿಮಿಷಕ್ಕೆ. ಎಬ್ಬಿಸಿದವರು ಗಡಿಯಾರ ತಿದ್ದಲಿಲ್ಲ. ತಿದ್ದಬೇಕೆಂದು ಗೊತ್ತಿರಲಿಲ್ಲ.

ಏಳು ತಿಂಗಳಲ್ಲಿ ಮೊದಲ ಸಲ ತಂಗಿಯ ಎದೆಯ ಮೇಲಿದ್ದ ಕಲ್ಲು ಒಂದಿಷ್ಟು ಸರಿಯಿತು. ಸಾಕ್ಷಿ ಇತ್ತು. ಅಕ್ಕನದಲ್ಲ ಆ ಆರು.

ಮಾಡಿಟ್ಟ ನಕಲನ್ನು ಎಬ್ಬಿಸಿದಳು.

ಪರದೆ ಕಪ್ಪಾಗಿ, ಬೂದುಬಣ್ಣಕ್ಕೆ ತಿರುಗಿ, ಕೊನೆಗೆ ಬೆಳಗಿತು. ಮೂಲೆಯ ಗಡಿಯಾರ 5:50 ಎಂದಿತು. ಹನ್ನೊಂದನೇ ತಾರೀಕು. ಅಲ್ಲಿ ಇನ್ನೂ ಆಸ್ಪತ್ರೆಗೆ ಹೊರಡುವ ಹಿಂದಿನ ಸಂಜೆ. ಬದಿಯಲ್ಲಿ ಅಂಟಿಸಿದ ಹಳದಿ ಚೀಟಿಯಲ್ಲಿ ಅಕ್ಕ ಬರೆದುಕೊಂಡಿದ್ದಳು: ನಾಳೆ ಬಟ್ಟೆ ಚೀಲ. ಓದೋ ಕನ್ನಡಕ. ರಿಪೇರಿಗೆ ಫೋನ್ ಮಾಡು, ತಿಂಡಿ ತಿಂದಳೋ ಇಲ್ಲವೋ.

'ರಿಪೇರಿ' ಎಂದರೆ ಇವಳು. ಅಕ್ಕನ ಬಾಯಲ್ಲಿ ಇವಳಿಗೆ ಬೇರೆ ಹೆಸರಿರಲಿಲ್ಲ.

ಆವಿ ಎಂದುಕೊಂಡು ಕಣ್ಣೊರೆಸಿಕೊಂಡಳು. ನಕ್ಷೆಯ ಮೇಲೆ ಮೌಸ್ ಒತ್ತಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಲು ಹೋದ ಬೆರಳನ್ನು ತಡೆದುಕೊಂಡಳು. ಆಗಷ್ಟೇ ಎದ್ದ ವಿಂಡೋಸ್ ಕೆಲವು ನಿಮಿಷ ಮಂಕಾಗಿರುತ್ತಿತ್ತು. ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿತ್ತು, ಮಾಡಿ ತೋರಿಸುವುದು ಮಾತ್ರ ನಾಲ್ಕೈದು ಸೆಕೆಂಡು ತಡ. ಹಳೆಯ ಮ್ಯಾಕ್, ಇರುವ ಮೆಮೊರಿಯಲ್ಲಿ ಒಳಗಿನವನಿಗೆ ತಂಗಿ ಕೊಟ್ಟಿದ್ದದ್ದು ಒಂದು ಹಿಡಿ. ಹೆಚ್ಚು ಮಾಡಿಕೊಡುತ್ತೇನೆ ಎಂದು ಎರಡು ವರ್ಷ ಹೇಳುತ್ತಲೇ ಬಂದಿದ್ದಳು. "ಬಿಡೆ, ಎದ್ದ ತಕ್ಷಣ ಕೆಲಸ ಹೇಳಿದ್ರೆ ನಾನೂ ಹಂಗೇ," ಎನ್ನುತ್ತಿದ್ದಳು ಅಕ್ಕ. ಎಬ್ಬಿಸಿ ಅಡುಗೆಮನೆಗೆ ಹೋಗಿ ಒಂದು ಲೋಟ ಚಹಾ ಮಾಡಿಕೊಂಡು ಬರುತ್ತಿದ್ದಳು.

ನಕ್ಷೆ ಮೇಲೆ ಬಂತು. ಪ್ಲೇಟಿನ ಪಕ್ಕ ಆರು.

ಮೇಲ್ಪಟ್ಟಿಯಲ್ಲಿ ಎರಡು ಬಾಣಗಳಿದ್ದವು. ಎಡಕ್ಕೆ ಬಾಗಿದ್ದು, ಮಾಡಿದ್ದನ್ನು ರದ್ದು ಮಾಡಲು. ಬಲಕ್ಕೆ ಬಾಗಿದ್ದು, ರದ್ದು ಮಾಡಿದ್ದನ್ನು ಮತ್ತೆ ತರಲು. ಸಾಮಾನ್ಯವಾಗಿ ಬಲದ್ದು ಮಬ್ಬಾಗಿರುತ್ತದೆ. ಈಗ ಹೊಳೆಯುತ್ತಿತ್ತು.

ಅಂದರೆ ಯಾರೋ ಏನನ್ನೋ ರದ್ದು ಮಾಡಿ ಹಾಗೇ ಎದ್ದುಹೋಗಿದ್ದಾರೆ.

ಬಲದ ಬಾಣದ ಪಟ್ಟಿಯನ್ನು ಮೆಲ್ಲಗೆ ಇಳಿಸಿದಳು. ಎರಡೇ ಸಾಲು. ಮೊದಲನೆಯದು, ಪ್ಲೇಟಿನ ದಪ್ಪ ಆರರಿಂದ ಹನ್ನೆರಡು. ಎರಡನೆಯದು, ಒಂದು ಗೆರೆ ಜರುಗಿದ್ದು.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಕಾರಿನ ಕಿಟಕಿಗೆ ತಲೆಯಾನಿಸಿ ಅಕ್ಕ ಹೇಳಿದ್ದು ನೆನಪಾಯಿತು. "ಒಂದು ತಪ್ಪು ಮಾಡಿದ್ದೆ ಕಣೆ, ಹೊರಡೋ ಮುಂಚೆ ತಿದ್ದಿಟ್ಟು ಬಂದೆ. ಇನ್ನು ಡಾಕ್ಟರು ಆರಾಮಾಗಿ ಕೊಯ್ಕೊಳ್ಳಲಿ." ಆಗ ಅದು ಯಾವ ತಪ್ಪೆಂದು ತಂಗಿ ಕೇಳಿರಲಿಲ್ಲ. ದಾರಿಯಲ್ಲಿ ವಾಹನ ಜಾಸ್ತಿಯಿದೆ ಎಂದೇನೋ ಹೇಳಿದ್ದಳು.

ತಿದ್ದಿದ್ದನ್ನು ಯಾರೋ ಕಿತ್ತಿದ್ದಾರೆ. ವೆಲ್ಡಿಂಗ್ ಶಾಪಿನವರೇ? ದಪ್ಪ ಪ್ಲೇಟ್ ಕತ್ತರಿಸುವುದು ಎರಡು ದಿನದ ಹೆಚ್ಚಿನ ಕೆಲಸ ಎಂದು ಅವರ ಯಜಮಾನ ಗೊಣಗಿದ್ದನ್ನು ಅವಳೇ ಕೇಳಿದ್ದಳು. ಆದರೆ ಆ ಎರಡನೇ ಸಾಲು ಕಣ್ಣಿಗೆ ಕಸ ಬಿದ್ದಂತೆ ಚುಚ್ಚುತ್ತಿತ್ತು. ಮೋಸ ಮಾಡಲು ಬಂದವನು ಗೆರೆಯನ್ನೇಕೆ ಜರುಗಿಸುತ್ತಾನೆ? ಜರುಗಿಸಿದ್ದನ್ನು ಗಾಬರಿಯಾಗಿ ಏಕೆ ರದ್ದು ಮಾಡುತ್ತಾನೆ?

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಭಾವ. ಮ್ಯಾಕ್ ನನ್ನ ಹತ್ತಿರ ಇದೆ, ಬನ್ನಿ ಎಂದು ಅವಳೇ ಬೆಳಿಗ್ಗೆ ಫೋನ್ ಮಾಡಿದ್ದಳು.

ಅವರು ಬಾಗಿಲಲ್ಲೇ ನಿಂತರು. ಊರಿಗೆಲ್ಲ ಕನ್ನಡಕ ಕೂರಿಸುವವರ ಕನ್ನಡಕದ ಒಂದು ಕಡ್ಡಿ ಟೇಪಿನಲ್ಲಿ ನಿಂತಿತ್ತು.

"ಕೇಳದೆ ತಗೊಂಡು ಬಂದೆಯಲ್ಲ."

"ಹೇಳದೆ ಬಚ್ಚಿಟ್ಟಿದ್ರಲ್ಲ."

ಸ್ಟೂಲ್ ಎಳೆದು ಕೂತರು. ಪರದೆ ನೋಡಿದರು, ಹಳದಿ ಚೀಟಿ ನೋಡಿದರು, ಮುಖ ತಿರುಗಿಸಿದರು.

"ಹತ್ತೊಂಬತ್ತನೇ ತಾರೀಕು ಇದನ್ನ ಯಾರು ತೆರೆದ್ರು ಭಾವ?"

"ನಾನು."

"ಯಾಕೆ?"

"ವೆಲ್ಡಿಂಗಿನವರು ನಕ್ಷೆ ಬೇಕು ಅಂದ್ರು. ಪ್ರಿಂಟ್ ತೆಗೆದುಕೊಟ್ಟೆ. ಏನೋ ಒತ್ತಿರಬೇಕು, ಕೆಟ್ಟಿರಬೇಕು. ನಾಳೆ ನಾನೇ ಹೋಗಿ ಹೇಳ್ತೀನಿ ಬಿಡು."

"ನಿಮಗೆ ಟಿವಿ ರಿಮೋಟೇ ಸರಿಯಾಗಿ ಬರಲ್ಲ."

"ಅವತ್ತು ಬಂತು."

"ಸರಿ. ಎಬ್ಬಿಸಿದಾಗ ಮೂಲೇಲಿ ಗಂಟೆ ಎಷ್ಟಿತ್ತು?"

"ನಾಲ್ಕೂ ಚಿಲ್ಲರೆ. ಎಷ್ಟಿರುತ್ತೆ ಮತ್ತೆ? ಹೊರಗೆ ಎಷ್ಟಿತ್ತೋ ಅಷ್ಟು."

"ಒಳಗೆ ಐದೂ ಮೂವತ್ತೆಂಟಿತ್ತು," ಎಂದಳು ತಂಗಿ. "ಹೊರಗೆ ನಾಲ್ಕು ಅನ್ನೋದು ನಿಜ. ಆದ್ರೆ ಅದನ್ನ ನಾನು ನಿಮಗೆ ಹೇಳಿರ್ಲಿಲ್ಲ. ಎಬ್ಬಿಸಿದವರು ಯಾರೋ ಹೇಳಿದಾರೆ."

ಭಾವ ಟೇಪಿನ ಕಡ್ಡಿಯನ್ನು ಮುಟ್ಟಿಕೊಂಡರು.

"ನಾಲ್ಕು ಗಂಟೆಗೆ ನೀವು ನನ್ನ ಪಕ್ಕ ಇದ್ರಿ ಭಾವ. ಆಪರೇಷನ್ ಕೋಣೆ ಎದುರಿಗೆ, ಆ ಹಸಿರು ಬೆಂಚಿನ ಮೇಲೆ. ರಕ್ತ ಬೇಕು ಅಂತ ಇನ್ನೊಂದು ಫಾರಂ ತಂದ್ರು. ನೀವು ಸಹಿ ಹಾಕೋವಾಗ ಹಲಗೆ ಹಿಡ್ಕೊಂಡಿದ್ದು ನಾನು. ಮೂರಕ್ಕೆ ಒಳಗೆ ಹೋದವಳು ಆರಕ್ಕೆ ಹೊರಗೆ ಬಂದ್ಲು. ಅಲ್ಲಿವರೆಗೆ ನೀವು ನೀರು ಕುಡಿಯೋಕೂ ಎದ್ದಿಲ್ಲ."

ಕೆಳಗೆ ಲಾಂಡ್ರಿಯ ಯಂತ್ರವೊಂದು ಗಿರಗಿರನೆ ತಿರುಗಿ ನಿಂತಿತು.

"ಅವಳಿಗಿನ್ನೂ ಇಪ್ಪತ್ತು ವರ್ಷ ಕಣಮ್ಮಾ," ಎಂದರು ಭಾವ.

ಆ ದಿನ ಬೆಂಚಿನ ಮೇಲೆ ಮೂವರಿದ್ದರು. ಅಕ್ಕನ ಮಗಳೂ ಇದ್ದಳು. ಆ ಹುಡುಗಿ ಉಗುರು ಕಚ್ಚುತ್ತಿದ್ದದ್ದನ್ನು ನೋಡಲಾರದೆ, "ಮನೆಗೆ ಹೋಗಿ ಅಮ್ಮನ ಉಣ್ಣೆ ಶಾಲು ತಗೊಂಡು ಬಾ, ಹೊರಗೆ ಬಂದಾಗ ಚಳಿಯಾಗುತ್ತೆ" ಎಂದು ಕಳಿಸಿದ್ದು ಯಾರು? ಇವಳೇ.

"ಶಾಲು ತರೋಕೆ ಹೋದಾಗ ವೆಲ್ಡಿಂಗಿನವರು ಬಾಗಿಲಲ್ಲಿ ಕಾಯ್ತಿದ್ರಂತೆ," ಭಾವನ ಮಾತು ನೆಲಕ್ಕೆ ಹೇಳಿದಂತಿತ್ತು. "ಅಮ್ಮನ ಕೆಲಸ ನಿಲ್ಲಬಾರದು ಅಂತ ಪ್ರಿಂಟ್ ತೆಗೆದುಕೊಟ್ಲು. ಅಷ್ಟೇ ಮಾಡಿದ್ದು. ಮೆಟ್ಟಿಲು ಬಿದ್ದ ದಿನ ಬಂದು, ಅಪ್ಪಾ ಆ ಹಾಳೆ ಕೊಟ್ಟಿದ್ದು ನಾನು ಅಂದ್ಲು. ಯಾರ ಹತ್ರವೂ ಬಾಯಿ ಬಿಡಬೇಡ ಅಂದೆ. ಇದರೊಳಗೆ ಏನಿದೆಯೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗೋದು ಬೇಡ ಅಂತಲೇ ಬಚ್ಚಿಟ್ಟೆ. ಹೋದವಳ ಮೇಲೆ ಹಾಕಿದ್ರೆ ಹೋದವಳಿಗೆ ನೋವಾಗಲ್ಲ."

"ನನಗಾಗುತ್ತೆ."

"ನಿನಗೆ ಅಕ್ಕ. ನನಗೆ ಹೆಂಡತಿ. ಯಾರಿಗೆ ಜಾಸ್ತಿ ಅಂತ ತೂಕ ಹಾಕೋಣವಾ?"

ತಂಗಿಗೆ ಎಲ್ಲವೂ ಕಾಣುತ್ತಿತ್ತು, ಬೇಡವೆಂದರೂ. ಬಾಗಿಲಲ್ಲಿ ಕಾಯುವ ಮನುಷ್ಯ. ತೋಳಿನ ಮೇಲೆ ಶಾಲು. ತಲೆಯೆಲ್ಲ ಆಸ್ಪತ್ರೆಯಲ್ಲಿ. ಹುಡುಗಿ ವಿಂಡೋಸನ್ನು ಎಬ್ಬಿಸುತ್ತಾಳೆ. ಚಹಾ ಮಾಡಲು ಹೋಗುವುದಿಲ್ಲ. ಅವಸರದಲ್ಲಿ ಮೌಸ್ ತಗುಲಿ ಒಂದು ಗೆರೆ ಜರುಗುತ್ತದೆ. ಅಯ್ಯೋ ಅಮ್ಮನ ನಕ್ಷೆ ಎಂದು ರದ್ದಿನ ಬಾಣ ಒತ್ತುತ್ತಾಳೆ. ಏನೂ ಆಗುವುದಿಲ್ಲ. ಮಂಕು ಹಿಡಿದ ಯಂತ್ರ ಕೇಳಿಸಿಕೊಂಡಿದೆ, ತೋರಿಸಿಲ್ಲ. ಇನ್ನೊಮ್ಮೆ ಒತ್ತುತ್ತಾಳೆ.

ಮೊದಲ ಒತ್ತಿಗೆ ಗೆರೆ ತನ್ನ ಜಾಗಕ್ಕೆ ಮರಳುತ್ತದೆ. ಎರಡನೆಯದಕ್ಕೆ, ಅಮ್ಮ ಮಾಡಿದ ಕೊನೆಯ ತಿದ್ದುಪಡಿ ಅಳಿಸಿಹೋಗುತ್ತದೆ. ಗೆರೆ ಸರಿಹೋಯಿತೆಂದು ಹುಡುಗಿ ನಿಟ್ಟುಸಿರುಬಿಟ್ಟು ಸೇವ್ ಮಾಡಿ ಪ್ರಿಂಟ್ ಕೊಡುತ್ತಾಳೆ. ಪ್ಲೇಟಿನ ಕಡೆ ನೋಡುವುದೂ ಇಲ್ಲ. ಏಕೆ ನೋಡಬೇಕು? ಅದು ಅಮ್ಮನ ನಕ್ಷೆ.

ಗಡಿಯಾರ ಕಡಿದವಳು ತಂಗಿ. ಮೆಮೊರಿ ಕೊಡದವಳು ತಂಗಿ. ಶಾಲು ತರಲು ಕಳಿಸಿದವಳೂ ತಂಗಿ. ಬೆರಳು ಮಾತ್ರ ಆ ಮಗುವಿನದು.

"ಏನಾದ್ರೂ ಮಾಡಿದಾಳಾ ಅವಳು?" ಭಾವ ಕೇಳಿದರು. ಟೇಪ್ ಸುತ್ತಿದ ಕನ್ನಡಕದ ಹಿಂದೆ ಅವರ ಕಣ್ಣು ರೆಪ್ಪೆ ಮಿಟುಕಿಸಲಿಲ್ಲ. "ಹೇಳು. ತಡ್ಕೋತೀನಿ."

ಅವರು ತಡೆದುಕೊಳ್ಳುವುದಿಲ್ಲವೆಂದು ನೋಡಿದವರಿಗೆ ತಿಳಿಯುತ್ತಿತ್ತು.

"ಬರೀ ಪ್ರಿಂಟ್ ತೆಗೆದಿದಾಳೆ," ಎಂದಳು ತಂಗಿ. "ಬೇರೇನೂ ಇಲ್ಲ."

ಭಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಬೆನ್ನು ಅಲುಗುತ್ತಿತ್ತು. ಅಕ್ಕ ಸತ್ತ ದಿನವೂ ಅವರು ಹೀಗೆ ಅತ್ತಿರಲಿಲ್ಲ.

ತಂಗಿ ಪರದೆಯ ಕಡೆ ತಿರುಗಿದಳು. ದಾಖಲೆಯ ಮೂರು ಸಾಲು. ನಕಲು. ಮೂಲ. ಅಳಿಸಲು ಎರಡು ನಿಮಿಷ ಸಾಕು. ಅವಳ ಕಸುಬೇ ಅದು. ಅಳಿಸಿದರೆ ನಾಳೆ ಹತ್ತು ಗಂಟೆಗೆ ಅಕ್ಕ ಒಬ್ಬ ಮನುಷ್ಯನನ್ನು ಕೊಂದವಳಾಗಿ ಕಾಗದದ ಮೇಲೆ ಉಳಿಯುತ್ತಾಳೆ. ಅವಳು ಕಟ್ಟಿಸಿದ ಇಪ್ಪತ್ತೆರಡು ಮೆಟ್ಟಿಲುಗಳಿಗೂ ಹಗ್ಗ ಕಟ್ಟಿ ಹತ್ತಬೇಡಿ ಎಂದು ಬರೆಯುತ್ತಾರೆ. ಅಳಿಸದಿದ್ದರೆ, ಇಪ್ಪತ್ತು ವರ್ಷದ ಒಬ್ಬಳು ಇನ್ನು ಬದುಕಿರುವಷ್ಟು ದಿನವೂ ತನ್ನ ಬೆರಳನ್ನು ನೋಡಿಕೊಳ್ಳುತ್ತಾಳೆ.

ಅಕ್ಕ ಇದ್ದಿದ್ದರೆ ಏನು ಮಾಡೆನ್ನುತ್ತಿದ್ದಳೆಂದು ಅವಳಿಗೆ ಗೊತ್ತಿತ್ತು. ಕೇಳುವ ಅಗತ್ಯವೂ ಇರಲಿಲ್ಲ. ಅದೇ ಹೆಚ್ಚು ನೋಯುತ್ತಿತ್ತು.

ಮೂರು ಫೈಲುಗಳನ್ನೂ ಆರಿಸಿದಳು. ನಿಜವಾಗಿ ಅಳಿಸಬೇಕೇ ಎಂದು ಮ್ಯಾಕ್ ಕೇಳಿತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಎರಡು ಜೋಡಿ ಹೆಜ್ಜೆ. ಒಂದು ದಡದಡ ಓಡಿ ಬರುತ್ತಿದ್ದದ್ದು. ಇನ್ನೊಂದು ಭಾರವಾಗಿ, ಒಂದೊಂದು ಮೆಟ್ಟಿಲನ್ನೂ ಪರೀಕ್ಷಿಸಿ ಹತ್ತುತ್ತಿದ್ದದ್ದು.

"ಚಿಕ್ಕಮ್ಮಾ." ಅಕ್ಕನ ಮಗಳು ಏದುಸಿರು ಬಿಡುತ್ತ ಒಳಗೆ ಬಂದಳು. ಕೆನ್ನೆ ಕೆಂಪಾಗಿತ್ತು. ಮೂರು ವಾರದಿಂದ ಬತ್ತಿಹೋಗಿದ್ದ ಆ ಮುಖದಲ್ಲಿ ಬೆಳಕಿತ್ತು. "ಅಪ್ಪ ಫೋನಲ್ಲಿ ಮಾತಾಡಿದ್ದು ಕೇಳಿಸ್ತು. ಮ್ಯಾಕ್ ಸಿಕ್ತಂತೆ. ನಾನು ಸೀದಾ ಆಫೀಸಿಗೆ ಹೋಗಿ ಇವರನ್ನ ಕರ್ಕೊಂಡು ಬಂದೆ. ನಾಳೆವರೆಗೆ ಯಾಕೆ ಕಾಯ್ಬೇಕು?"

"ಪುಟ್ಟಾ," ಎಂದರು ಭಾವ.

"ನೀನು ಸುಮ್ನಿರು ಅಪ್ಪ. ಸುಮ್ನಿದ್ದು ಸುಮ್ನಿದ್ದು ಅಮ್ಮನ್ನ ಏನು ಮಾಡಿಟ್ವಿ ನೋಡು." ಅವಳು ಚಿಕ್ಕಮ್ಮನ ಕಡೆ ತಿರುಗಿದಳು. "ಅಮ್ಮ ಆರು ಹಾಕಿರಲ್ಲ. ಸಾಧ್ಯವೇ ಇಲ್ಲ. ವೆಲ್ಡಿಂಗಿನವರೇ ಹಾಳೆ ಬದಲಾಯಿಸಿದಾರೆ. ಇದರೊಳಗೆ ಹನ್ನೆರಡೇ ಇರುತ್ತೆ. ಇವರ ಕಣ್ಣಿಗೇ ತೋರಿಸಿಬಿಡೋಣ."

ವಿಚಾರಣಾಧಿಕಾರಿ ಬಾಗಿಲ ಚೌಕಟ್ಟು ಹಿಡಿದು ಉಸಿರು ತೆಗೆದುಕೊಂಡರು. ದಪ್ಪ ದೇಹ, ದಣಿದ ಮುಖ, ಕಂಕುಳಲ್ಲಿ ಕಡತ. "ಕೆಟ್ಟುಹೋಗಿತ್ತು ಅಂದಿದ್ರಲ್ಲ," ಎಂದರು ಭಾವನನ್ನು ನೋಡಿ. ದನಿಯಲ್ಲಿ ಸಿಟ್ಟಿರಲಿಲ್ಲ.

"ಇನ್ನೂ ನೋಡ್ತಿದೀನಿ," ಎಂದಳು ತಂಗಿ. ಬೆರಳು ಮೌಸಿನ ಮೇಲೇ ಇತ್ತು. ಮ್ಯಾಕ್ ಇನ್ನೂ ಅದೇ ಪ್ರಶ್ನೆ ಕೇಳುತ್ತ ನಿಂತಿತ್ತು. "ನಾಳೆ ಬನ್ನಿ. ಇವತ್ತು ಸರಿಯಾಗಿ ಏಳ್ತಿಲ್ಲ ಇದು."

"ಏಳುತ್ತೆ, ನೀನು ಸ್ವಲ್ಪ ಸರಿ," ಎಂದು ಹುಡುಗಿ ಚಿಕ್ಕಮ್ಮನ ಭುಜವನ್ನು ಮೃದುವಾಗಿ ಪಕ್ಕಕ್ಕೆ ಒತ್ತಿ ಸ್ಟೂಲಿನ ಅಂಚಿನಲ್ಲಿ ಕೂತಳು. ಮೌಸಿಗೆ ಕೈ ಚಾಚಿದಳು. ಅವಳ ಕೂದಲಲ್ಲಿ ಅಕ್ಕನ ಸೋಪಿನ ವಾಸನೆಯಿತ್ತು. "ನನಗೆ ಗೊತ್ತು ಹೇಗೆ ಎಬ್ಬಿಸೋದು ಅಂತ. ಅವತ್ತೂ ನಾನೇ ತಾನೆ ಎಬ್ಬಿಸಿದ್ದು."

ಭಾವ ಕಣ್ಣು ಮುಚ್ಚಿದರು.

ಬಾಗಿಲ ಬಳಿ ಕಡತದ ದಾರ ಬಿಚ್ಚುವ ಸದ್ದಾಯಿತು. ಅಧಿಕಾರಿ ಜೇಬಿನಿಂದ ಪೆನ್ನು ತೆಗೆದು, ಒಂದು ಹೆಜ್ಜೆ ಮುಂದೆ ಬಂದು, ತಮ್ಮ ಮಗಳಷ್ಟೇ ವಯಸ್ಸಿನವಳನ್ನು ಮಾತಾಡಿಸುವ ಹಾಗೆ ಮೆತ್ತಗೆ ಕೇಳಿದರು.

"ಅವತ್ತು ಅಂದ್ರೆ, ಯಾವತ್ತಮ್ಮ?"